ಕೆನ್ನೆ ಬಡಿದುಕೊಂಡ ಬೂದಿ

ಚನ್ನರಾಯನದುರ್ಗದ ಅಡವಯ್ಯನವರ ಬೆಕ್ಕು ಮಾಂಸ ಬಿಟ್ಟಿದೆ ಎಂಬ ಸುದ್ದಿ ಶ್ರಾವಣದ ಎರಡನೇ ಸೋಮವಾರದ ಹೊತ್ತಿಗೆ ಕೊರಟಗೆರೆ ದಾಟಿ ಮಧುಗಿರಿಯ ಬಸ್ ನಿಲ್ದಾಣದವರೆಗೆ ಹೋಗಿ ಕೂತಿತ್ತು. ಮನುಷ್ಯ ಮಾಂಸ ಬಿಟ್ಟೆ ಎಂದರೆ ಅವನ ಹೆಂಡತಿಯೇ ನಂಬುವುದಿಲ್ಲ. ಬೆಕ್ಕು ಬಿಟ್ಟಿದೆ ಎಂದಾಗ ಮಾತ್ರ ಊರಿಗೆ ಊರೇ ನಂಬಿತು.

ಅಡವಯ್ಯನವರು ಬೆಟ್ಟದ ತಪ್ಪಲಿನ ಗವಿ ಮಲ್ಲಪ್ಪನ ಗುಡಿಯ ಪೂಜಾರಿಗಳು. ವಯಸ್ಸು ಎಪ್ಪತ್ತೊಂದು. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಕಟ್ಟಿಸಿದ ಹಲ್ಲಿನ ಸೆಟ್ಟು ಗೋಡೆಗೂಡಿನ ಡಬ್ಬಿಯಲ್ಲಿ ಕೂತಿರುತ್ತದೆ. ಮದುವೆ ಗೃಹಪ್ರವೇಶಗಳಿಗೆ ಹೊರಟಾಗ ಮಾತ್ರ ಅವರ ಬಾಯಿಗೆ ಬರುತ್ತದೆ. ಹೆಂಡತಿ ಸರೋಜಮ್ಮ ಕಡಿಮೆ ಮಾತಿನ ಹೆಂಗಸು. ಆಡಿದ ಮಾತು ಮಾತ್ರ ತೂಕದ್ದು. ಐದು ವರ್ಷದ ಹಿಂದೆ ಒಂದು ಮಳೆಗಾಲದ ಬೆಳಿಗ್ಗೆ ಆಕೆ ಒಲೆಯ ಬೂದಿ ತೆಗೆಯಲು ಹೋದಾಗ ಬೂದಿಯೇ ಎದ್ದು ಮಿಯಾವ್ ಎಂದಿತ್ತು. ಬೂದಿಯ ಬಣ್ಣದ ಅಂಗೈ ಅಗಲದ ಮರಿ, ಹಣೆಯ ಮೇಲೆ ಮೂರು ಪಟ್ಟೆ. ಹಾಗಾಗಿ ಅದಕ್ಕೆ ಬೂದಿ ಎಂದೇ ಹೆಸರಾಯಿತು. ಸಂಜೆ ಅಡವಯ್ಯನವರು ಮಾರನೆಯ ದಿನದ ಪೂಜೆಗೆ ಬಿಲ್ವಪತ್ರೆ ಆಯಲು ಕೂತರೆ ಅದು ಅವರ ತೊಡೆಯೇರಿ ಕೂರುತ್ತಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಆ ಗುರುಗುರು ಸದ್ದಿಗೆ ಎಷ್ಟು ಬೆಲೆ ಎಂದು ಅವರಿಬ್ಬರಿಗೇ ಗೊತ್ತು.

ಪವಾಡವನ್ನು ಮೊದಲು ಕಂಡವನು ಪಕ್ಕದ ಮನೆಯ ದೊಡ್ಡರಂಗಪ್ಪ. ಬೇಸಾಯಗಾರ, ಎರಡು ಸೀಮೆಹಸು ಕಟ್ಟಿದ್ದಾನೆ. ಅಡವಯ್ಯನವರ ಹಿತ್ತಿಲಿಗೂ ಅವನ ಕೊಟ್ಟಿಗೆಗೂ ನಡುವೆ ಒಂದೇ ಗೋಡೆ. ಅಯ್ಯನವರ ಮನೆಯಲ್ಲಿ ಹಾಲು ಕುಡಿಯುವ ಬೂದಿ ಗೋಡೆ ಹಾರಿ ಇವನ ಮನೆಯಲ್ಲಿ ಮೀನಿನ ತಲೆ ತಿನ್ನುತ್ತದೆಂಬುದು ಎರಡೂ ಮನೆಗೆ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಸಂಗತಿ. ಆಷಾಢದಲ್ಲಿ ಒಂದು ದಿನ ಅವನು ಎಂದಿನಂತೆ ಕೆರೆಮೀನಿನ ತಲೆ ಎಸೆದ. ಬೂದಿ ಓಡಿ ಬಂತು, ಬಾಯಿ ಹಾಕಿತು, ಚೀರಿ ಹಿಂದಕ್ಕೆ ನೆಗೆಯಿತು. ಮೀನನ್ನು ದುರುಗುಟ್ಟಿ ನೋಡಿ ಬುಸ್ಸೆಂದು ಬೈದು, ಆಮೇಲೆ ಮುಂಗಾಲೆತ್ತಿ ಬಲಗೆನ್ನೆಗೊಂದು ಎಡಗೆನ್ನೆಗೊಂದು ಪಟಪಟನೆ ಬಡಿದುಕೊಂಡಿತು.

ನಮ್ಮ ಕಡೆ ದೇವರೆದುರು ತಪ್ಪು ನಡೆದುಹೋದರೆ ಹೀಗೇ ತಾನೇ ಎರಡೂ ಕೆನ್ನೆ ಬಡಿದುಕೊಳ್ಳುವುದು? ದೊಡ್ಡರಂಗಪ್ಪನ ಕೈ ಅವನಿಗೆ ತಿಳಿಯದೆಯೇ ಅವನ ಕೆನ್ನೆಗೆ ಹೋಯಿತು. ಮೈ ಬೆವರಿ ಗೋಡೆಯಾಚೆಗೆ ಕೂಗಿದ.

"ಅಯ್ಯೋರೆ, ನಿಮ್ ಬೆಕ್ಕು ಮೀನು ಮುಟ್ಟಿದ್ದಕ್ಕೆ ತಪ್ಪಾಯ್ತು ಅಂತ ಕೆನ್ನೆ ಬಡ್ಕೊಂತು ಕಣ್ರೀ."

ಅಡವಯ್ಯನವರು ಮೊದಲ ದಿನ ನಕ್ಕರು. ಎರಡನೆಯ ದಿನ, ಇಲಿಯೊಂದು ಕಣ್ಣೆದುರೇ ಹಾದುಹೋದರೂ ಬೂದಿ ಅರೆಗಣ್ಣು ಮುಚ್ಚಿ ಕೂತೇ ಇದ್ದುದನ್ನು ನೋಡಿದರು. ಮೂರನೆಯ ದಿನ ನಂಬಿದರು. ನಂಬಲು ಅವರಿಗೂ ಒಳಗೊಳಗೇ ಆಸೆಯಿತ್ತು. ನಲವತ್ತು ವರ್ಷದಿಂದ ಅವರು ಗುಡಿಯ ಜಗಲಿಯಲ್ಲಿ ಕೂತು ಪ್ರಾಣಿಹಿಂಸೆ ಬೇಡ ಎಂದು ಹೇಳುತ್ತಲೇ ಬಂದಿದ್ದರು. ಕೇಳಿದವರು ಹೌದು ಬುದ್ಧಿ ಎಂದು ಕೈಮುಗಿದು, ಮನೆಗೆ ಹೋಗಿ ಮಂಗಳವಾರದ ಕೋಳಿ ಕುಯ್ಯುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದೇ ಒಂದು ಜೀವ ಅವರ ಮಾತನ್ನು ನಿಜವಾಗಿ ಕೇಳಿಸಿಕೊಂಡಿತ್ತು, ಅದೂ ಅವರ ತೊಡೆಯ ಮೇಲೇ ಕೂತು. ಇಂಥ ಸಂತೋಷವನ್ನು ಯಾವ ಮುದುಕ ತಾನೇ ಬೇಡವೆಂದಾನು.

ಕೊರಟಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತಮ್ಮನ ಮಗ ಚಿರಂಜೀವಿ ಬಂದು ವಿಡಿಯೋ ಮಾಡಿಕೊಂಡು ಹೋದ. ಅಲ್ಲಿಗೆ ಬೂದಿ ವಿಭೂತಮ್ಮ ಆಯಿತು. ಜನ ಸಕ್ಕರೆ ತಂದರು, ಹಾಲು ತಂದರು, ಹಣೆಯ ಮೂರು ಪಟ್ಟೆಯ ಮೇಲೆ ನಿಜವಾದ ವಿಭೂತಿಯನ್ನೂ ಬಳಿದರು. ದೊಡ್ಡರಂಗಪ್ಪ ಸೋಮವಾರ ಸೋಮವಾರ ತನ್ನ ಬಾಗಿಲ ಮುಂದೆ ಎಲೆಯ ಮೇಲೆ ಮೀನಿನ ತಲೆ ಇಟ್ಟು ಪರೀಕ್ಷೆ ನಡೆಸುತ್ತಿದ್ದ. ಪ್ರತಿ ಸಲವೂ ಬೂದಿ ಪಾಸಾಗುತ್ತಿತ್ತು. ಅಟ್ಟದ ಮೇಲೆ ಇಲಿಗಳು ನೆಮ್ಮದಿಯಿಂದ ಸಂಸಾರ ಹೂಡಿದವು.

"ಬೆಕ್ಕು ಸನ್ಯಾಸ ತಗೊಂಡ್ರೆ ರಾಗಿ ಕಾಯೋರ್ಯಾರು?" ಎಂದರು ಸರೋಜಮ್ಮ. ಆ ಮಾತು ಗಂಡನ ಕಿವಿಯವರೆಗೆ ಹೋಗಲಿಲ್ಲ.

ಅವರ ಕಣ್ಣಿಗೆ ಬಿದ್ದೂ ಮನಸ್ಸಿಗೆ ಬೀಳದ ಇನ್ನೂ ಕೆಲವಿದ್ದವು. ತೊಡೆಯ ಮೇಲೆ ಪಂಚೆ ಒದ್ದೆಯಾಗುತ್ತಿತ್ತು. ಬೂದಿಯ ಬಾಯಿಂದ ಹಳಸಿದ ವಾಸನೆ ಬರುತ್ತಿತ್ತು. ದಿನಕ್ಕೆ ಹತ್ತು ಸಲ ಮೈ ನೆಕ್ಕಿ ಒಪ್ಪವಾಗಿರುತ್ತಿದ್ದ ಬೆಕ್ಕಿನ ಕೂದಲು ಗಂಟುಗಂಟಾಗಿ ಎಣ್ಣೆ ಕಾಣದ ತಲೆಯಂತಾಗಿತ್ತು. ದೇಹದ ಮೋಹ ಬಿಟ್ಟವರು ಇನ್ನು ಹೇಗಿರುತ್ತಾರೆ ಎಂದುಕೊಂಡರು ಅಡವಯ್ಯನವರು. ನಂಬಿಕೆಗೆ ನೆವ ಸಿಗುವುದು ಕಷ್ಟವೇ?

ಭಾದ್ರಪದದ ಒಂದು ಸೋಮವಾರ ಮಧ್ಯಾಹ್ನ ದೊಡ್ಡರಂಗಪ್ಪನ ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದಾಗ ಮಧುಗಿರಿಯಿಂದ ಡಾಕ್ಟರ್ ಆಶಾರಾಣಿ ಸ್ಕೂಟರಿನಲ್ಲಿ ಬಂದರು. ಪಾವಗಡದ ಕಡೆ ಕ್ಯಾತಗಾನಚೆರ್ಲಿನ ಹೆಣ್ಣುಮಗಳು. ಅಪ್ಪನ ಹೊಲದಲ್ಲಿ ಈಗ ಸೋಲಾರ್ ಫಲಕಗಳು ಬಿಸಿಲು ಕಾಯಿಸುತ್ತಿವೆ, ಮಗಳು ಮಧುಗಿರಿಯಲ್ಲಿ ಸ್ವಂತ ಪ್ರಾಣಿ ಚಿಕಿತ್ಸಾಲಯ ಇಟ್ಟಿದ್ದಾರೆ. ಭುಜದವರೆಗೆ ಕೈ ಹಾಕಿ, ಅಡ್ಡ ತಿರುಗಿದ್ದ ಕರುವನ್ನು ನೇರ ಮಾಡಿ, ಹತ್ತೇ ನಿಮಿಷದಲ್ಲಿ ಭೂಮಿಗಿಳಿಸಿದರು. ಕೈ ತೊಳೆಯುತ್ತಿದ್ದಾಗ ದೊಡ್ಡರಂಗಪ್ಪ, "ಮೇಡಂ, ಬಂದಿದ್ದೀರಿ, ನಮ್ಮೂರಿನ ಅತಿಶಯ ಒಂದ್ ನೋಡ್ಕೊಂಡ್ ಹೋಗಿ" ಎಂದು ಎಲೆ ಹಾಸಿದ. ಆಗಲೇ ಏಳೆಂಟು ಜನ ಕಾದು ನಿಂತಿದ್ದರು. ಅಡವಯ್ಯನವರೂ ಹೊದ್ದ ಶಾಲು ಸರಿಮಾಡಿಕೊಂಡು ಬಂದು ನಿಂತರು.

ಬೂದಿ ಓಡಿ ಬಂತು, ಮೂಸಿತು, ಒಮ್ಮೆ ನೆಕ್ಕಿತು, ಚೀರಿತು, ಬೈದಿತು, ಬಡಿದುಕೊಂಡಿತು. ಜನ ಕೈಮುಗಿದರು. ಡಾಕ್ಟರ್ ಮಾತ್ರ ಮುಗಿಯಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಬೆಕ್ಕನ್ನು ಮುಟ್ಟದೆ, ಅದರ ಮುಖದ ಹತ್ತಿರ ಮುಖ ತಂದು ಸುಮ್ಮನೆ ನೋಡಿದರು.

"ಬಂಗಾರು ತಲ್ಲಿ, ಎಷ್ಟು ದಿನದಿಂದ ಇಂಗೆ?" ಎಂದರು, ತಮ್ಮ ಸೀಮೆಯ ತೆಲುಗು ಬೆರೆಸಿ, ಬೆಕ್ಕನ್ನೇ ಕೇಳಿದಂತೆ.

"ಆಷಾಢದಿಂದ ಮೇಡಂ, ಬಿಟ್ಟೇಬುಡ್ತು ಎಲ್ಲಾನೂ" ಎಂದ ದೊಡ್ಡರಂಗಪ್ಪ.

"ಬಿಟ್ಟಿಲ್ಲಪ್ಪಾ, ತಿನ್ನಾಕೆ ಆಗ್ತಿಲ್ಲ. ಹಸಿವಿಗೆ ಓಡಿ ಬರ್ತದೆ, ನೋವಿಗೆ ಓಡಿ ಹೋಗ್ತದೆ. ಮೀನೇ ಕಚ್ಚಿತು ಅಂದ್ಕೊಂಡು ಮೀನನ್ನ ಬೈತದೆ. ಇದು ಕೆನ್ನೆ ಬಡ್ಕೊಳ್ಳೋದಲ್ಲ, ಬಾಯೊಳಗೆ ಉರೀತಿರೋದನ್ನ ಒರೆಸಿ ತೆಗಿಯಾಕೆ ನೋಡ್ತಾ ಇದೆ, ಪಾಪಂ."

ಜನ ಅಡವಯ್ಯನವರ ಮುಖ ನೋಡಿದರು. ಅವರ ಮುಖ ಕೆಂಪಾಯಿತು.

"ತಾಯಿ, ನೀವು ದನದ ಡಾಕ್ಟ್ರು. ಕರು ತೆಗೆದ್ರಿ, ದೊಡ್ಡ ಕೆಲಸ. ಇದು ಬೇರೆ ವಿಚಾರ. ಎಲ್ಲಾನೂ ರೋಗ ಅಂದ್ರೆ ಹೆಂಗೆ?"

ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಹೇಳಿದರು. "ಒಂದೇ ಒಂದು ನೋಡಿ ಅಯ್ಯೋರೆ. ತಪ್ಪು ಮಾಡಿದ ಮೇಲೆ ತಾನೇ ಯಾರಾದ್ರೂ ಕೆನ್ನೆ ಬಡ್ಕೊಳ್ಳೋದು. ಏನೂ ತಪ್ಪು ಮಾಡದೆ ಇದ್ದಾಗ್ಲೂ ಇದು ಬಡ್ಕೊಳ್ತದಾ, ಅಷ್ಟು ನೋಡ್ತಾ ಇರಿ. ಬಡ್ಕೊಂಡ್ರೆ ತಡ ಮಾಡಬೇಡಿ, ಕರ್ಕೊಂಡ್ ಬನ್ನಿ."

ಅಡವಯ್ಯನವರಿಗೆ ಆ ಮಾತು ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ ಉಳಿದುಬಿಟ್ಟಿತು, ಹಲ್ಲಿಲ್ಲದಿದ್ದರೂ. ನೋಡಬಾರದೆಂದು ಎರಡು ದಿನ ಬೂದಿಯ ಕಡೆ ತಿರುಗಲಿಲ್ಲ. ಮೂರನೆಯ ದಿನದಿಂದ ಬಿಟ್ಟ ಕಣ್ಣು ಬಿಟ್ಟಂತೆ ನೋಡತೊಡಗಿದರು.

ಒಂದು ವಾರವಾಗಿತ್ತು. ಬೆಳಗಿನ ಪೂಜೆ ಮುಗಿಸಿ ಬಂದು ಜಗಲಿಯ ಮೇಲೆ ಕೂತಿದ್ದರು. ಎಳೆಬಿಸಿಲು ಬಿದ್ದಿತ್ತು. ಬೂದಿ ಬಿಸಿಲಿಗೆ ಮೈ ಚಾಚಿ ಮಲಗಿತ್ತು. ಮೀನಿಲ್ಲ, ಇಲಿಯಿಲ್ಲ, ಹಾಲು ಕೂಡ ಇಲ್ಲ. ಮಲಗಿದ್ದ ಬೆಕ್ಕು ಎಲ್ಲ ಬೆಕ್ಕುಗಳಂತೆ ಬೆನ್ನು ನಿಗುರಿಸಿ ಆಕಳಿಸಿತು. ಬಾಯಿ ಅರ್ಧ ತೆರೆದಿತ್ತಷ್ಟೆ, ಯಾರೋ ಒಳಗೆ ಸೂಜಿ ಚುಚ್ಚಿದ ಹಾಗೆ ಚೀರಿ ಎದ್ದು, ಎರಡೂ ಕೆನ್ನೆ ಬಡಿದುಕೊಂಡು, ಗೋಡೆಯ ಮೂಲೆಗೆ ಮುಖ ಮಾಡಿ ಮುದುಡಿ ಕೂತಿತು.

ಆಕಳಿಸುವುದರಲ್ಲಿ ಯಾವ ಪಾಪವಿದೆ?

ಅಡವಯ್ಯನವರು ಹೋಗಿ ಅದನ್ನು ಎತ್ತಿಕೊಂಡರು. ಎತ್ತಿದಾಗ ಕೈಗೆ ಭಾರವೇ ಹತ್ತಲಿಲ್ಲ. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆಗಳು ರುದ್ರಾಕ್ಷಿ ಸರದ ಹಾಗೆ ಒಂದೊಂದಾಗಿ ಸಿಕ್ಕವು. ಮೂರು ತಿಂಗಳಿಂದ ದಿನವೂ ತೊಡೆಯ ಮೇಲೆ ಕೂತಿದ್ದ ಬೆಕ್ಕು ಅದು. ಅವರ ಕಣ್ಣು ತುಂಬಿ ಬಂತು. ತನ್ನ ಮೇಲೆ ತನಗೇ ಇಷ್ಟು ನಾಚಿಕೆಯಾದದ್ದು ಅವರಿಗೆ ನೆನಪಿರಲಿಲ್ಲ.

ಸರೋಜಮ್ಮ ಬಾಗಿಲಲ್ಲಿ ನಿಂತಿದ್ದರು. "ತಿಂಗಳಿಂದ ನಿಮ್ ಪಂಚೆ ಮೇಲಿನ ರಕ್ತದ ಕಲೆ ಒಗೀತಾ ಇದೀನಿ" ಎಂದರು.

"ಹೇಳಬಾರ್ದಿತ್ತಾ?"

"ಹೇಳಿದ್ರೆ ಕೇಳ್ತಿದ್ರಾ? ಊರೇ ನಿಮ್ ಹಿಂದೆ ಇತ್ತು. ನಾನೊಬ್ಳು ಎದುರಿಗೆ ನಿಂತು ಏನ್ ಮಾಡ್ಲಿ."

ಅಡವಯ್ಯನವರು ಪೂಜೆಯ ಹೂವಿನ ಬುಟ್ಟಿಯನ್ನು ಬರಿದು ಮಾಡಿ, ಹಳೆಯ ಶಾಲು ಹಾಸಿ, ಬೂದಿಯನ್ನು ಅದರಲ್ಲಿ ಮಲಗಿಸಿಕೊಂಡು ಮಧುಗಿರಿಯ ಬಸ್ಸು ಹತ್ತಿದರು. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ವಿಡಿಯೋ ನೋಡಿದ್ದವಳು, ಗುರುತು ಹಿಡಿದು ಬುಟ್ಟಿಗೆ ಕೈಮುಗಿದು ಬಾಳೆಹಣ್ಣು ಇಟ್ಟಳು. ಇದು ದೇವರಲ್ಲ ತಾಯಿ, ರೋಗಿ ಎಂದು ಹೇಳಬೇಕೆಂದುಕೊಂಡರು. ನಾಲಗೆ ಏಳಲಿಲ್ಲ. ಬೂದಿ ಬದುಕಿದರೆ ಹೇಳುತ್ತೇನೆ ಎಂದು ಮಲ್ಲಪ್ಪನಿಗೆ ಮಾತು ಕೊಟ್ಟರು.

ಡಾಕ್ಟರ್ ಆಶಾರಾಣಿ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಗೆದ್ದೆ ಎಂಬ ಮುಖವನ್ನೂ ಮಾಡಲಿಲ್ಲ. ಅಡವಯ್ಯನವರಿಗೆ ಆಕೆ ಮೊದಲು ಹಿಡಿಸಿದ್ದು ಅದಕ್ಕೇ. ತಕ್ಕಡಿಗೆ ಇಟ್ಟರು, ಎರಡು ಕಿಲೋ ಕೂಡ ಇರಲಿಲ್ಲ. ಮೊದಲ ದಿನ ನೋವಿಗೆ ಇಂಜೆಕ್ಷನ್, ಸಲೈನ್. ರಕ್ತವನ್ನು ತುಮಕೂರಿಗೆ ಕಳಿಸಿದರು. ಒಂದು ಹನಿಯನ್ನು ಅಲ್ಲೇ ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ್ದಂಥ ಪಟ್ಟಿಯ ಮೇಲೆ ಬಿಟ್ಟು, ಬೆಕ್ಕುಗಳಿಗೆ ಬರುವ ಎರಡು ಕೆಟ್ಟ ವೈರಸ್ ಇವೆಯೇ ಎಂದು ಕಾದರು. ಒಂದೇ ಗೀರು ಮೂಡಿತು. ಇಲ್ಲವೆಂದು ಅರ್ಥವಂತೆ.

ಮೂರನೆಯ ದಿನ ಮಂಪರು ಕೊಟ್ಟು ಬಾಯಿ ತೆರೆದರು. "ಎಚ್ಚರ ಇರೋವಾಗ ಬಾಯಿ ಬಿಡಿಸಿದ್ರೆ ಅದಕ್ಕೂ ಹಿಂಸೆ, ನನ್ನ ಬೆರಳಿಗೂ ಹಿಂಸೆ. ಬನ್ನಿ, ನೋಡಿ" ಎಂದು ದೀಪ ಹಿಡಿದರು.

ಅಡವಯ್ಯನವರು ಬಗ್ಗಿ ನೋಡಿದರು. ಬಾಯಿಯ ಹಿಂಭಾಗ, ಮೇಲಿನ ದವಡೆಯೂ ಕೆಳಗಿನ ದವಡೆಯೂ ಸೇರುವ ಮೂಲೆ, ಎರಡೂ ಕಡೆ ಒಡೆದ ದಾಳಿಂಬೆಯ ಹಾಗಿತ್ತು. ಹತ್ತಿ ತಾಗಿಸಿದರೆ ಸಾಕು, ರಕ್ತ ಜಿನುಗುತ್ತಿತ್ತು.

"ಬರೀ ಒಸಡು ಕೆಂಪಗಿದ್ದಿದ್ರೆ ಹಲ್ಲು ಕ್ಲೀನ್ ಮಾಡಿ ಕಳಿಸ್ತಿದ್ದೆ. ಒಂದೇ ಕಡೆ ಇದ್ದಿದ್ರೆ ಗಡ್ಡೆ ಏನೋ ಅಂತ ಚೂರು ತೆಗೆದು ಪರೀಕ್ಷೆಗೆ ಕಳಿಸ್ತಿದ್ದೆ. ಇದು ಎರಡೂ ಕಡೆ ಒಂದೇ ಸಮ, ಗಂಟಲ ಬಾಗಿಲವರೆಗೂ ಹೋಗಿದೆ. ಹಲ್ಲಿನ ಮೇಲೆ ಕಟ್ಟೋ ಪಾಚಿ ಇದೆಯಲ್ಲ, ಅದರ ಮೇಲೆ ಇದರ ಮೈಯೇ ಮುನಿಸ್ಕೊಂಡು ಯುದ್ಧಕ್ಕೆ ನಿಂತಿದೆ. ಯುದ್ಧ ನಡೀತಿರೋದು ಪಾಪ ಇದರ ಬಾಯಲ್ಲೇ."

"ನಾನು ಬರೀ ಹಾಲು ಹಾಕಿದ್ದಕ್ಕೆ ಇಂಗಾಯ್ತಾ?"

"ಅಲ್ಲ ಅಯ್ಯೋರೆ. ಯಾಕೆ ಬರ್ತದೆ ಅಂತ ಪೂರ್ತಿ ತಿಳಿದೋರು ಯಾರೂ ಇಲ್ಲ. ಬಂದದ್ದು ನಿಮ್ಮ ತಪ್ಪಲ್ಲ." ಆಕೆ ಅಷ್ಟಕ್ಕೇ ನಿಲ್ಲಿಸಿದರು. ತಡವಾದದ್ದು ಯಾರ ತಪ್ಪು ಎಂದು ಹೇಳದೆ ಬಿಟ್ಟದ್ದು ಅಡವಯ್ಯನವರಿಗೆ ಗೊತ್ತಾಯಿತು.

ಮುಂದಿನದನ್ನು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ಬಗೆಯ ಇಂಜೆಕ್ಷನ್ ಇದೆ, ಕೊಟ್ಟರೆ ನಾಳೆಯೇ ತಿನ್ನಲು ಶುರುಮಾಡುತ್ತದೆ, ಕೆಲವೇ ವಾರದಲ್ಲಿ ಮತ್ತೆ ಇದೇ ಪಾಡು, ಕೊಡುತ್ತ ಹೋದರೆ ಬೇರೆ ಕಾಯಿಲೆ. ಪಾಚಿ ಕಟ್ಟಲು ಹಲ್ಲೇ ಇಲ್ಲದಂತೆ ಮಾಡುವುದೊಂದು ದಾರಿ. ದವಡೆ ಹಲ್ಲುಗಳನ್ನೆಲ್ಲ ಬೇರು ಸಮೇತ ತೆಗೆಯಬೇಕು. ಹತ್ತು ಬೆಕ್ಕಿನಲ್ಲಿ ಆರೋ ಏಳೋ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ, ಕೆಲವಕ್ಕೆ ಆಮೇಲೂ ಮಾತ್ರೆ ಬೇಕು, ಒಂದೆರಡಕ್ಕೆ ಏನು ಮಾಡಿದರೂ ಅಷ್ಟೆ. ಇಷ್ಟು ಬಡಕಲಾಗಿರುವ ಬೆಕ್ಕು ಅರಿವಳಿಕೆಯ ಮತ್ತಿನಿಂದ ಏಳದೆಯೂ ಇರಬಹುದು.

ಅಡವಯ್ಯನವರು, "ಹಲ್ಲೇ ಇಲ್ದೆ ಬದುಕೋದು ಹೆಂಗೆ ತಾಯಿ?" ಎಂದರು.

ಡಾಕ್ಟರ್ ಅವರ ಬೊಚ್ಚು ಬಾಯಿಯನ್ನೇ ನೋಡಿ ನಕ್ಕರು. "ನೀವು ಹೆಂಗೆ ಬದುಕಿದ್ದೀರಿ?"

"ನಂದೇನು, ಮುದ್ದೆ ಸೀಮೆಯೋನು. ಮುದ್ದೆ ಯಾರಾದ್ರೂ ಅಗೀತಾರಾ, ನುಂಗೋದು."

"ಬೆಕ್ಕೂ ಅಗಿಯಲ್ಲ ಅಯ್ಯೋರೆ. ತುಂಡು ಮಾಡಿ ನುಂಗ್ತದೆ. ಅದೂ ನಿಮ್ಮ ಸೀಮೆದೇ."

ಮೂರು ದಿನ ಮೂಗಿನಿಂದಿಳಿಸಿದ ಸಣ್ಣ ಕೊಳವೆಯಲ್ಲಿ ಆಹಾರ ಕೊಟ್ಟು ಬೂದಿಗೆ ತುಸು ಶಕ್ತಿ ತುಂಬಿದ ಮೇಲೆ ಶಸ್ತ್ರಚಿಕಿತ್ಸೆ. ಹಲ್ಲಿನ ಎಕ್ಸ್‌ರೇ ತೆಗೆಯುವ ಕೈಯಂತ್ರವನ್ನು ಡಾಕ್ಟರ್ ತನ್ನ ಗೆಳತಿ, ಸಿರಾದ ಹಲ್ಲಿನ ವೈದ್ಯೆಯೊಬ್ಬರಿಂದ ಒಂದು ದಿನದ ಮಟ್ಟಿಗೆ ಎರವಲು ತಂದಿದ್ದರು. ಅಡವಯ್ಯನವರು ಗಾಜಿನ ಬಾಗಿಲಾಚೆ ಮರದ ಬೆಂಚಿನ ಮೇಲೆ ಕೂತರು. ಪಂಚಾಕ್ಷರಿ ಜಪಿಸಬೇಕೆಂದಿದ್ದರು. ಒಳಗಿನ ಕೈಗಳನ್ನು ನೋಡುತ್ತ ನೋಡುತ್ತ ಜಪ ಮರೆತುಹೋಯಿತು.

ಹಲ್ಲು ಕೀಳುವುದೆಂದರೆ ಅವರು ಚಿಕ್ಕಂದಿನಲ್ಲಿ ನೋಡಿದ್ದು ಇಕ್ಕಳ ಹಾಕಿ ಎಳೆಯುವುದು. ಇಲ್ಲಿ ಎಳೆಯುವ ಮಾತೇ ಇರಲಿಲ್ಲ. ಆಕೆ ಒಸಡನ್ನು ಹೂವಿನ ಎಸಳು ಬಿಡಿಸಿದಂತೆ ಸರಿಸಿ, ಎರಡು ಬೇರಿನ ಹಲ್ಲನ್ನು ಎರಡಾಗಿ ಸೀಳಿ, ಒಂದೊಂದೇ ಬೇರನ್ನು ಅಲುಗಿಸಿ, ಕಾದು, ಅಲುಗಿಸಿ, ಅದಾಗಿಯೇ ಸಡಿಲವಾಗಿ ಬರುವವರೆಗೆ ಕೂತಿದ್ದರು. ರಾಗಿಕಾಳಿಗಿಂತ ತುಸು ದೊಡ್ಡದಾದ ಬೇರುಗಳು. ಒಂದು ಹಲ್ಲಾದ ಮೇಲೆ ಒಂದು. ಬೆನ್ನು ಬಾಗಿದ್ದು ನೆಟ್ಟಗಾಗಲಿಲ್ಲ. ಎರಡು ಗಂಟೆ ಹೀಗೇ ಹೋಯಿತು. ಆಮೇಲೆ ಎಲ್ಲ ಮುಗಿಯಿತೆಂಬ ಹೊತ್ತಿಗೆ ಎಕ್ಸ್‌ರೇ ತೆಗೆದು ನೋಡಿ, ತಲೆ ಅಲ್ಲಾಡಿಸಿ, ಬಾಗಿಲು ತೆರೆದು ಹೊರಗೆ ಬಂದರು.

"ಒಂದು ಬೇರಿನ ತುದಿ ಮುರಿದು ಒಳಗೇ ಉಳಿದಿದೆ. ಇನ್ನೂ ಮುಕ್ಕಾಲು ಗಂಟೆ ಆಗ್ತದೆ."

"ಸಣ್ಣ ಚೂರಲ್ವಾ ತಾಯಿ. ನೀವೂ ಸಾಕಾಗಿದ್ದೀರಿ."

"ಬಿಟ್ರೆ ಯಾರಿಗೂ ಗೊತ್ತಾಗಲ್ಲ ಅಯ್ಯೋರೆ. ಬೆಕ್ಕಿಗೆ ಗೊತ್ತಾಗ್ತದೆ." ನೀರು ಕುಡಿದು ಒಳಗೆ ಹೋದರು.

ಅಡವಯ್ಯನವರು ಬೆಂಚಿನ ಮೇಲೆ ಹಾಗೇ ಕೂತುಬಿಟ್ಟರು. ಅವರು ನಲವತ್ತು ವರ್ಷ ಪೂಜೆ ಮಾಡಿದವರು. ಅವಸರದ ದಿನ ಎಸಳು ಮುರಿದ ಬಿಲ್ವಪತ್ರೆಯನ್ನೂ ಏರಿಸಿಬಿಟ್ಟದ್ದುಂಟು, ಯಾರಿಗೆ ಗೊತ್ತಾಗುತ್ತದೆ ಎಂದು. ಮೂವತ್ತೆರಡು ಮೂವತ್ತಮೂರರ ಈ ಹುಡುಗಿ ಕಾಣದ ಚೂರೊಂದಕ್ಕಾಗಿ ಮತ್ತೆ ಬೆನ್ನು ಬಾಗಿಸಿದ್ದನ್ನು ನೋಡಿ ಅವರಿಗೆ ಕೈಮುಗಿಯಬೇಕೆನಿಸಿತು. ಮುಗಿದರು ಕೂಡ. ಆಕೆಗೆ ಕಾಣಲಿಲ್ಲ, ಅದೇ ಒಳ್ಳೆಯದಾಯಿತು.

ಮುಂದಿನ ನಾಲ್ಕು ಕೋರೆಹಲ್ಲನ್ನೂ ಅವುಗಳ ನಡುವಿನ ಪುಟ್ಟ ಹಲ್ಲುಗಳನ್ನೂ ಉಳಿಸಿದ್ದರು. ಅವುಗಳ ಸುತ್ತ ಕೆಂಪಿರಲಿಲ್ಲ. ಸಂಜೆ ಐದಕ್ಕೆ ಬೂದಿ ಕಣ್ಣು ಬಿಟ್ಟಿತು. ಕಿವಿಯ ಹಿಂದೆ ಬೆರಳಿಟ್ಟರೆ, ಹೊಲಿಗೆ ಹಾಕಿದ ಆ ಬಾಯಿಯಲ್ಲೇ ಗುರುಗುರು ಎಂದಿತು.

"ನೋವಿರೋವಾಗ್ಲೂ ಬೆಕ್ಕು ಗುರುಗುಟ್ತದೆ" ಎಂದರು ಡಾಕ್ಟರ್. "ಎಷ್ಟೋ ಜನ ಅದನ್ನ ಕೇಳಿ ಚೆನ್ನಾಗಿದೆ ಅಂದ್ಕೊಂಡು ಮೋಸಹೋಗ್ತಾರೆ."

ಹಾಗಾದರೆ ಮೂರು ತಿಂಗಳು ಬಾಯಲ್ಲಿ ಕೆಂಡ ಇಟ್ಟುಕೊಂಡು ಇದು ನನ್ನ ತೊಡೆಯ ಮೇಲೆ ಹಾಡಿತೇ ಎಂದುಕೊಂಡರು ಅಡವಯ್ಯನವರು. ಬೂದಿಯ ದೊಡ್ಡತನ ಮಾಂಸ ಬಿಟ್ಟಿದ್ದರಲ್ಲಿ ಇರಲಿಲ್ಲ. ಅಷ್ಟು ನೋವಿನಲ್ಲೂ ಸಂಜೆಯಾದರೆ ತನ್ನ ಮುದುಕನ ಬಳಿಗೆ ಬಂದು ಕೂರುತ್ತಿತ್ತಲ್ಲ, ಅದರಲ್ಲಿತ್ತು.

ಮನೆಗೆ ಕಳಿಸುವಾಗ ಡಾಕ್ಟರ್ ಒಂದು ಷರತ್ತು ಹಾಕಿದರು. ಮೆತ್ತಗೆ ಅರೆದ ಕೋಳಿ, ಮೊಟ್ಟೆ ಕೊಡಲೇಬೇಕು. "ಹಾಲು ಮುದ್ದೆಲಿ ಬೆಕ್ಕು ಬದುಕಲ್ಲ. ಮಾಂಸ ತಿನ್ನೋದು ಅದರ ಚಪಲ ಅಲ್ಲ ಅಯ್ಯೋರೆ, ಧರ್ಮ."

ಮನೆಯೊಳಗೆ ಅದು ಆಗದ ಮಾತು. ದೊಡ್ಡರಂಗಪ್ಪನ ಹೆಂಡತಿ ಸರಸಮ್ಮ ದಾರಿ ತೋರಿಸಿದಳು. ದಿನಕ್ಕೆ ನಾಲ್ಕು ಹೊತ್ತು ಅವಳು ಕೋಳಿ ಬೇಯಿಸಿ ಅರೆದು ಕೊಟ್ಟಿಗೆಗೆ ತರುತ್ತಿದ್ದಳು. ಅಡವಯ್ಯನವರು ಗೋಡೆ ಸುತ್ತಿ ಬಂದು ಬೂದಿಯನ್ನು ತೊಡೆಯ ಮೇಲೆ ಹಿಡಿದು ಕೂರುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಗಾದೆ ಇಲ್ಲಿ ತಿರುಗುಮುರುಗಾಯಿತು. ಬೆಕ್ಕು ಕಣ್ಣು ಬಿಟ್ಟುಕೊಂಡೇ ಕೋಳಿ ನೆಕ್ಕುತ್ತಿತ್ತು, ಕಣ್ಣು ಮುಚ್ಚುತ್ತಿದ್ದವರು ಅಯ್ಯನವರು.

"ಬುಡಿ ಬುದ್ಧಿ ಕಣ್ಣ" ಎಂದಳು ಸರಸಮ್ಮ ಹತ್ತನೆಯ ದಿನ. "ಎಂಗೆ ತಿಂತದೆ ನೋಡ್ರಿ, ಬಾಣಂತಿ ತಿಂದಂಗೆ."

ಅವರು ಕಣ್ಣು ಬಿಟ್ಟರು. ಆಮೇಲೆ ಮುಚ್ಚಲಿಲ್ಲ.

ಚೇತರಿಕೆ ಸಲೀಸಾಗಿರಲಿಲ್ಲ. ಮೂರನೆಯ ವಾರ ಬಾಯಿ ಮತ್ತೆ ಕೆಂಪಾಗಿ ಎರಡು ದಿನ ಬಟ್ಟಲು ಮುಟ್ಟಲಿಲ್ಲ. ಅಡವಯ್ಯನವರು ಮತ್ತೆ ಬುಟ್ಟಿ ಹೊತ್ತು ಬಸ್ಸು ಹತ್ತಿದರು. ಹೊಸ ಮಾತ್ರೆ ಬಂತು, ಕಾಯಿರಿ ಎಂದರು ಡಾಕ್ಟರ್. ಕಾದರು. ಆರನೆಯ ವಾರಕ್ಕೆ ಬೂದಿ ತನ್ನ ಮೈಯನ್ನು ತಾನೇ ನೆಕ್ಕಿಕೊಳ್ಳಲು ಶುರುಮಾಡಿತು. ಕೂದಲಿಗೆ ಹೊಳಪು ಬಂತು.

ಅಷ್ಟರಲ್ಲಿ ಕಾರ್ತಿಕದ ಕಡೆಯ ಸೋಮವಾರ ಬಂದಿತ್ತು. ವಿಭೂತಮ್ಮನ ದರ್ಶನವುಂಟು ಎಂದು ಚಿರಂಜೀವಿ ಯಾರನ್ನೂ ಕೇಳದೆ ಮೊಬೈಲಿನಲ್ಲಿ ಹಾಕಿಬಿಟ್ಟಿದ್ದ. ದೀಪ ಹಚ್ಚಿ ಗುಡಿಯಿಂದ ಇಳಿದವರು ಐವತ್ತು ಅರವತ್ತು ಜನ ಅಡವಯ್ಯನವರ ಜಗಲಿಯ ಮುಂದೆ ಸೇರಿದರು.

"ದೊಡ್ಡಪ್ಪ, ಏನೂ ಹೇಳಕ್ಕೆ ಹೋಗ್ಬೇಡಿ" ಎಂದ ಚಿರಂಜೀವಿ ಕಿವಿಯಲ್ಲಿ. "ಸುಮ್ನೆ ಕೂತ್ಕೊಳ್ಳಿ. ಜನ ನಿಮ್ಮನ್ನ ಎಷ್ಟು ದೊಡ್ಡದಾಗಿ ನೋಡ್ತಾವ್ರೆ ಗೊತ್ತಾ."

ಗೊತ್ತಿತ್ತು. ಅದೇ ಕಷ್ಟ. ಬೂದಿ ಬದುಕಿದರೆ ಹೇಳುತ್ತೇನೆಂದು ಕೊಟ್ಟ ಮಾತೂ ನೆನಪಿತ್ತು. ಅಡವಯ್ಯನವರು ಎದ್ದು ನಿಂತರು, ಗಂಟಲು ಸರಿಮಾಡಿಕೊಂಡರು. ಅಷ್ಟೂ ಮುಖಗಳು ಭಕ್ತಿಯಿಂದ ಮೇಲೆ ನೋಡಿದವು. ಮಾತು ಹೊರಡಲಿಲ್ಲ. ಈ ಊರಿನಲ್ಲಿ ಅವರಿಗಿದ್ದದ್ದು ಒಂದೇ ಆಸ್ತಿ, ಅವರ ಮಾತನ್ನು ಸುಳ್ಳು ಎಂದವರು ಯಾರೂ ಇರಲಿಲ್ಲ.

ಆಗ ಅಟ್ಟದ ಮೇಲೆ ಏನೋ ದಡಬಡ ಸದ್ದಾಯಿತು. ಏಣಿಯ ಮೇಲಿಂದ ಬೂದಿ ನಿಧಾನವಾಗಿ ಇಳಿದು, ಹೊಸ್ತಿಲು ದಾಟಿ, ದೀಪದ ಬೆಳಕಿಗೆ ಬಂತು. ಬಾಯಲ್ಲಿ ಉದ್ದ ಬಾಲದ ಒಂದು ಇಲಿ. ತಂದು ಅಡವಯ್ಯನವರ ಪಾದದ ಬಳಿ ಇಟ್ಟು, ತಲೆಯೆತ್ತಿ ಅವರ ಮುಖ ನೋಡಿತು.

"ಈಗ ಬಡ್ಕೊಂತದೆ ನೋಡ್ರಿ ಕೆನ್ನೆ" ಎಂದು ಯಾರೋ ಪಿಸುಗುಟ್ಟಿದರು. ಅರವತ್ತು ಜನ ಬೆಕ್ಕಿನ ಮುಂಗಾಲನ್ನೇ ನೋಡುತ್ತ ನಿಂತರು.

ಬೂದಿ ಕಾಲೆತ್ತಲಿಲ್ಲ. ಕೂತಲ್ಲೇ ಬೆನ್ನು ನಿಗುರಿಸಿ, ಬಾಯಿ ಎಷ್ಟು ತೆರೆಯಬಹುದೋ ಅಷ್ಟೂ ತೆರೆದು, ಉದ್ದಕ್ಕೆ ಆಕಳಿಸಿತು. ದೀಪದ ಬೆಳಕಿನಲ್ಲಿ ಅಡವಯ್ಯನವರಿಗೆ ಆ ಬಾಯಿ ಗಂಟಲವರೆಗೂ ಕಂಡಿತು. ಕೋರೆಹಲ್ಲುಗಳ ಹಿಂದೆಲ್ಲ ಹಲ್ಲಿಲ್ಲದ, ಎಳೆಮಗುವಿನ ಒಸಡಿನಂಥ ತಿಳಿಗುಲಾಬಿ. ಚೀರಲಿಲ್ಲ. ಬಾಯಿ ಮುಚ್ಚಿ, ಅವರ ಕಾಲಿಗೆ ಕೆನ್ನೆ ಉಜ್ಜಿತು.

ಅಡವಯ್ಯನವರ ಕೈ ತಾನಾಗಿ ಮೇಲೆದ್ದಿತು. ಬಲಗೆನ್ನೆಗೊಂದು, ಎಡಗೆನ್ನೆಗೊಂದು, ಎಲ್ಲರಿಗೂ ಕೇಳಿಸುವಂತೆ ಬಡಿದುಕೊಂಡರು.

"ತಪ್ಪಾಯ್ತು ಕಣವ್ವ" ಎಂದರು.

ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಗಾಬರಿಯಾಗಿ, "ಬೆಕ್ಕು ಕೆಟ್ಟೋದ್ರೆ ನೀವ್ಯಾಕೆ ಬುದ್ಧಿ ದೇವ್ರಿಗೆ ತಪ್ಪು ಒಪ್ಕೊಳ್ಳೋದು?" ಎಂದಳು.

"ದೇವ್ರಿಗಲ್ಲ ತಾಯಿ, ಇದಕ್ಕೆ" ಎಂದರು ಅಡವಯ್ಯನವರು, ಬಗ್ಗಿ ಬೂದಿಯನ್ನು ಎತ್ತಿಕೊಳ್ಳುತ್ತ. ಈಗ ಕೈಗೆ ಭಾರ ಹತ್ತಿತು. "ಬೆಕ್ಕು ಕೆಟ್ಟಿಲ್ಲ. ಗುಣ ಆಗೈತೆ. ಕೂತ್ಕೊಳ್ಳಿ ಎಲ್ರೂ, ಹೇಳ್ತೀನಿ."